ಬಾಲಮ್ಮನ ನೊರೆಗಲ್ಲು

ಬೋನಾಳದ ಕೆರೆಗೆ ಬಿಟ್ಟ ಕಲ್ಲು ತಿರುಗಿ ದಂಡೆಗೆ ಬಂದ ಸುದ್ದಿಯನ್ನು ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಈಗಲೂ ಹೇಳುವವರಿದ್ದಾರೆ. ಅವರಲ್ಲಿ ಅರ್ಧ ಜನ ಆ ಕಲ್ಲನ್ನು ನೋಡಿದವರೇ ಅಲ್ಲ. ಕೆಲವರ ಬಾಯಲ್ಲಿ ಅದು ತೆಂಗಿನಕಾಯಿಯಷ್ಟು ದೊಡ್ಡದಾಗಿದೆ, ಕೆಲವರ ಬಾಯಲ್ಲಿ ಮಾತನ್ನೂ ಆಡಿದೆ. ಬಾಲಮ್ಮನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಕಲ್ಲು ಮುಷ್ಟಿಯಷ್ಟಿತ್ತು. ಬೂದಿ ಬಣ್ಣ, ಮೈತುಂಬ ಸೂಜಿಮೊನೆಯಷ್ಟು ಸಣ್ಣ ತೂತುಗಳು. ಅದು ಯಾವತ್ತೂ ಮಾತಾಡಲಿಲ್ಲ. ಅದರ ಜೊತೆ ಮಾತಾಡಿದವಳು ಬಾಲಮ್ಮ.

ಬಾಲಮ್ಮ ಹೊಲಗೆಲಸದವಳು. ಹತ್ತಿ ಬಿಡಿಸುವುದರಲ್ಲಿ, ಗದ್ದೆ ನಾಟಿಯಲ್ಲಿ ಅವಳ ಕೈಗೆ ಸರಿಸಾಟಿ ಇರಲಿಲ್ಲ, ಬಾಯಿಗೂ ಇರಲಿಲ್ಲ. ಗುಂಪಿನಲ್ಲಿ ಅವಳಿದ್ದರೆ ಸಾಲು ಮುಗಿದದ್ದೇ ಗೊತ್ತಾಗುತ್ತಿರಲಿಲ್ಲ ಎಂದು ಹೆಂಗಸರು ಹೇಳುತ್ತಿದ್ದರು. ಮಕ್ಕಳಾಗಲಿಲ್ಲ. ಗಂಡ ಮರಿಲಿಂಗ ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ತೊಳೆಯುವ ಶೆಡ್ಡಿನಲ್ಲಿ ದುಡಿಯುತ್ತಿದ್ದ. ಹಬ್ಬಕ್ಕೊಮ್ಮೆ, ಕೆಲಸ ಸಡಿಲಾದಾಗೊಮ್ಮೆ ಬರುತ್ತಿದ್ದ. ಬಂದ ದಿನ ಗೋಡೆಯಾಚೆ ನಗುವೋ ನಗು.

ಕಲ್ಲು ತಂದ ದಿನದ ಮಾತು ನನಗಿನ್ನೂ ನೆನಪಿದೆ.

“ಹೆಂಡ್ತಿಗೆ ಸೀರಿ ತರ್ತಾರ, ಬಳಿ ತರ್ತಾರ. ನೀ ಕಲ್ಲು ತಂದೀಯಲ್ಲೋ! ನಮ್ಮೂರಾಗ ಕಲ್ಲು ತೀರಿ ಹೋಗಿದ್ವೇನು?”

“ಏ ಹುಚ್ಚಿ, ಹಡಗಿನ್ಯಾಗ ಬಂದ ಮಾಲು ಅದು. ನಮ್ಮ ಸೇಠ್ ಗೋಣಿಗಟ್ಟಲೆ ತರಸ್ತಾನ. ದೊಡ್ಡ ಡ್ರಮ್ಮಿನ್ಯಾಗ ಪ್ಯಾಂಟು ಹಾಕೋದು, ಈ ಕಲ್ಲು ಹಾಕೋದು, ಗರಗರ ತಿರುಗಸೋದು. ಹೊಸಾ ಪ್ಯಾಂಟು ಹಳೇದರಂಗ ಆಗತೈತಿ.”

“ಹೊಸಾದು ಹಳೇದು ಮಾಡಾಕ ಪಗಾರ ಬ್ಯಾರೆ ಕೊಡ್ತಾರಾ? ನನ್ನ ಕರ್ಕೊಂಡು ಹೋಗು, ನಾ ಬಿಟ್ಟಿ ಮಾಡಿಕೊಡ್ತೇನಿ.”

“ಮೊದಲ ಹಿಮ್ಮಡಿ ತೋರ್ಸು. ನಿನ್ನ ಹಿಮ್ಮಡಿ ಬಿರುಕಿನ್ಯಾಗ ಒಂದು ಚೀಲ ಜೋಳ ಬಿತ್ತಬಹುದು.”

ಎರೆಮಣ್ಣಿನಲ್ಲಿ ದುಡಿಯುವ ನಮ್ಮೆಲ್ಲರ ಹಿಮ್ಮಡಿಗಳೂ ಹಾಗೇ. ಬಾಲಮ್ಮ ಆ ಕಲ್ಲನ್ನು ಬಚ್ಚಲ ಗೂಡಿನಲ್ಲಿಟ್ಟುಕೊಂಡಳು. ಮೈ ತೊಳೆಯುವಾಗ ಕಾಲು ಉಜ್ಜಿಕೊಳ್ಳುತ್ತಿದ್ದಳು. ಊರಿಗೆ ಬಂದಾಗ ಮರಿಲಿಂಗನೂ ಅದರಲ್ಲೇ ಉಜ್ಜಿಕೊಳ್ಳುತ್ತಿದ್ದ. ನಮ್ಮ ಬಚ್ಚಲುಗಳಲ್ಲಿ ಚೊಂಬಿನಿಂದ ನೀರು ಸುರಿದುಕೊಳ್ಳುವುದೇ ಹೊರತು ನೀರು ನಿಲ್ಲುವುದಿಲ್ಲ. ಆ ಕಲ್ಲು ನೀರಿನ ಮೇಲೆ ತೇಲುತ್ತದೆ ಎಂಬುದು ಬಾಲಮ್ಮನಿಗೆ ಗೊತ್ತಾಗುವ ಸಂದರ್ಭವೇ ಬರಲಿಲ್ಲ. ಮರಿಲಿಂಗನಿಗೆ ಗೊತ್ತಿದ್ದಿರಬೇಕು. ದಿನಾ ಅದರಲ್ಲೇ ಕೈಯಾಡಿಸುವವನು.

ಆಮೇಲೆ ಕೊರೋನಾದ ಎರಡನೆಯ ಬೇಸಿಗೆ ಬಂತು. ಬಸ್ಸು ನಿಂತವು. ಮರಿಲಿಂಗ ಬಳ್ಳಾರಿಯಲ್ಲೇ ಸಿಕ್ಕಿಬಿದ್ದ, ಅಲ್ಲೇ ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದರು. ಯಾರದೋ ಫೋನಿನಿಂದ ಅವನು ಕರೆ ಮಾಡಿದ್ದ. ಬಾಲಮ್ಮ ನನ್ನ ಕಟ್ಟೆಯ ಮೇಲೇ ಕುಳಿತು ಮಾತಾಡಿದಳು. ಆಚೆಯಿಂದ ಬಂದದ್ದು ಮಾತಿಗಿಂತ ಉಸಿರೇ ಹೆಚ್ಚು.

“ಊಟ ಮಾಡಿದ್ಯಾ?” ಎಂದು ಇವಳು ಕೇಳಿದಳು.

“ಉಸಿರು ಹಿಡದು ಹಿಡದು ಸಾಕಾಗೇತಿ, ಬಾಲಿ,” ಎಂದ.

ಅದೇ ಕೊನೆ. ಮಾರನೆಯ ದಿನ ಅವನ ಅಣ್ಣ ಅಂಬ್ರಪ್ಪನ ಫೋನಿಗೆ ಸುದ್ದಿ ಬಂತು. ಹೆಣ ಕೊಡುವುದಿಲ್ಲ, ಅಲ್ಲೇ ಸುಡುತ್ತೇವೆ ಎಂದರು ಆಸ್ಪತ್ರೆಯವರು. ಅವರ ಮನೆತನದಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಬಾಲಮ್ಮ ಅಳುತ್ತಾ ಅಂದದ್ದು ಒಂದೇ ಮಾತು: “ಬೆಂಕಿಗೆ ಹಾಕಿದ್ರಲ್ಲೋ. ಅಂವಗ ಬಿಸಿಲೇ ತಡೀತಿರಲಿಲ್ಲ.”

ಅವರಲ್ಲಿ ಒಂದು ಪದ್ಧತಿ ಇದೆ. ಗುಂಡಿ ತೋಡುವಾಗ ಕೈಗೆ ಸಿಕ್ಕ ಕಲ್ಲೊಂದನ್ನು ಮನೆಗೆ ತರುತ್ತಾರೆ. ಮೂಲೆಯಲ್ಲಿಟ್ಟು ದೀಪ ಹಚ್ಚಿ, ಸತ್ತವರ ಹೆಸರು ಹೇಳಿ ದಿನಾ ನೀರು ಕೊಡುತ್ತಾರೆ. ದಿನಗಳು ಮುಗಿದ ಮೇಲೆ ಅದನ್ನು ಕೆರೆಗೋ ಹೊಳೆಗೋ ಬಿಡುತ್ತಾರೆ. ಕಲ್ಲು ತಳ ಕಂಡರೆ ಹೋದವರು ತಮ್ಮ ಜಾಗ ಸೇರಿದರು ಎಂದು ಲೆಕ್ಕ. ಅಲ್ಲಿಗೆ ಸೂತಕ ಮುಗಿಯಿತು. ಅಲ್ಲಿಯವರೆಗೆ ಆ ಮನೆಯ ನೀರು ಯಾರೂ ಕುಡಿಯುವುದಿಲ್ಲ, ಆ ಮನೆಯವರು ಬೀಜ ಮುಟ್ಟುವುದಿಲ್ಲ.

ಇಲ್ಲಿ ಗುಂಡಿಯೇ ಇರಲಿಲ್ಲ. ಅಂಬ್ರಪ್ಪ ಬಾಗಿಲಲ್ಲಿ ನಿಂತು, “ಅಂವ ಕೈಯಾರೆ ಮುಟ್ಟಿದ ಕಲ್ಲು ಯಾವುದಾದ್ರೂ ಐತೇನವಾ ಮನ್ಯಾಗ?” ಎಂದು ಕೇಳಿದ. ಬಾಲಮ್ಮ ಬಚ್ಚಲಿಗೆ ಹೋಗಿ ಆ ಕಲ್ಲು ತಂದುಕೊಟ್ಟಳು. ಹಗುರ ಇದೆಯಲ್ಲ ಎಂದು ಅಂಬ್ರಪ್ಪ ಕೈಯಲ್ಲಿ ತೂಗಿ ನೋಡಿದ. ಆದರೆ ಅಳುವ ಹೊತ್ತಿನಲ್ಲಿ ಯಾರು ಕಲ್ಲಿನ ತೂಕ ವಿಚಾರಿಸುತ್ತಾರೆ? ವಿಭೂತಿ ಬಳಿದು ಮೂಲೆಗಿಟ್ಟರು. ಅದು ತೇಲುವ ಕಲ್ಲೆಂದು ಗೊತ್ತಿದ್ದ ಒಬ್ಬನೇ ಮನುಷ್ಯನ ಹೆಸರಿನಲ್ಲಿ ಅದಕ್ಕೆ ನೀರು ಕೊಟ್ಟರು.

ಕೃಷ್ಣೆಗೆ ಹೋಗುವ ಹಾಗಿರಲಿಲ್ಲ, ಪೊಲೀಸರು ದಾರಿ ಬಿಡುತ್ತಿರಲಿಲ್ಲ. ಹಾಗಾಗಿ ಕೆರೆಗೇ ಹೋದರು. ನಾಲ್ಕು ಜನ ಮನೆಯವರು, ದೂರದಲ್ಲಿ ನಾನು. ಅಂಬ್ರಪ್ಪ ಮೊಣಕಾಲುದ್ದ ನೀರಿಗಿಳಿದು, ತಮ್ಮನ ಹೆಸರು ಹೇಳಿ, ಕಲ್ಲನ್ನು ಬಿಟ್ಟ.

ಕಲ್ಲು ಒಂದು ಸಲ ಒಳಗೆ ಹೋಗಿ ಎದ್ದು ಬಂತು. ಎದ್ದು ನಿಂತಿತು ಎಂದೇ ಹೇಳಬೇಕು. ಗಾಳಿ ಬೀಸಿದಾಗ ತೂಗಾಡುತ್ತ, ಬಾತುಕೋಳಿಯ ಮರಿಯ ಹಾಗೆ, ದಂಡೆಯ ಕಡೆಗೆ ಬರತೊಡಗಿತು. ಅಂಬ್ರಪ್ಪ ಹಿಂದೆ ಸರಿದ. ಹೆಂಗಸೊಬ್ಬಳು ಚೀರಿದಳು. ಅಂಬ್ರಪ್ಪ ಧೈರ್ಯ ಮಾಡಿ ಅದನ್ನು ಹಿಡಿದು ದೂರಕ್ಕೆ ಎಸೆದ. ಅದು ಮತ್ತೆ ಬಂತು. ಬಂದು ಬಾಲಮ್ಮ ನಿಂತ ಕಡೆಯೇ ಜೊಂಡಿನಲ್ಲಿ ಸಿಕ್ಕಿ ನಿಂತಿತು.

“ಅಂವಗ ಹೋಗಾಕ ಮನಸಿಲ್ಲ,” ಎಂದ ಅಂಬ್ರಪ್ಪ.

ಬಾಲಮ್ಮ ಬಗ್ಗಿ ಕಲ್ಲನ್ನೆತ್ತಿ, ಸೆರಗಿನಲ್ಲಿ ಒರೆಸಿ, ಮನೆಗೆ ತಂದಳು.

ಅಂದಿನಿಂದ ಅವಳ ಮನೆಯ ಸೂತಕ ಬಿಡಲೇ ಇಲ್ಲ. ಮುಂಗಾರು ಬಿತ್ತಿಗೆಗೆ ಅವಳನ್ನು ಕರೆಯಲಿಲ್ಲ. ನಾಟಿಯ ಗುಂಪು ಅವಳ ಬಾಗಿಲು ದಾಟಿ ಹೋಗುವಾಗ ಮಾತು ತಗ್ಗಿಸುತ್ತಿತ್ತು. ಯಾರೂ ಬೈಯಲಿಲ್ಲ, ಅದೇ ಕೆಟ್ಟದ್ದು. ಬೈದರೆ ತಿರುಗಿ ಬೈಯಬಹುದಿತ್ತು. ನಳದ ಹತ್ತಿರ ಅವಳ ಕೊಡ ಬಂದರೆ ಉಳಿದ ಕೊಡಗಳು ಸ್ವಲ್ಪ ಸರಿಯುತ್ತಿದ್ದವು. ನಮ್ಮ ಓಣಿಯ ಇಮಾಮಬೀ ಮಾತ್ರ, “ಬಾರೆ, ನಿನ್ನ ಗಂಡ ಜಿಂದಾ ಇದ್ದಾಗಲೇ ನಾ ಅವನಿಗೆ ಅಂಜಲಿಲ್ಲ, ಈಗ ಯಾಕ ಅಂಜಲಿ?” ಎಂದು ಜಾಗ ಬಿಡುತ್ತಿದ್ದಳು. ಒಬ್ಬಳ ನಗುವಿನಿಂದ ಎಷ್ಟು ದಿನ ದೂಡಲಾದೀತು? ಗೋಡೆಯಾಚೆ ನನಗೆ ಒಂದೇ ದನಿ ಕೇಳುತ್ತಿತ್ತು. “ರೊಟ್ಟಿ ಮಾಡ್ಲೋ, ಸಂಕಟಿ ಮಾಡ್ಲೋ? ಹೂಂ ಅನ್ನು. ಅನ್ನಂಗಿಲ್ಲ ನೀ. ರೊಟ್ಟಿನೇ ಮಾಡ್ತೇನಿ.”

ಅಂಬ್ರಪ್ಪ ಕೆಟ್ಟವನಲ್ಲ. ಒಂದು ದಿನ ಬಂದು ಹೊರಗೇ ನಿಂತು ಹೇಳಿದ, “ಬಾಲವ್ವ, ಒಂದು ಹಾದಿ ಐತಿ. ಗುಡ್ಡದ ಕಲ್ಲು ಒಂದು ತರ್ತೇನಿ. ಎರಡೂ ಕೂಡಿಸಿ ಹಗ್ಗ ಬಿಗದು ಬಿಟ್ಟುಬಿಡೂಣು. ಮುಳಗತೈತಿ. ಜನರ ಬಾಯಿ ಬಂದಾಗತೈತಿ.”

“ನಿಮ್ಮ ತಮ್ಮನ ಕೊರಳಿಗೆ ಕಲ್ಲು ಕಟ್ಟಿ ಮುಳುಗಿಸ್ತೀರೇನ್ರೀ ಭಾವಾ?”

“ಅದು ಕಲ್ಲವಾ! ಅಂವ ಅಲ್ಲ.”

“ಹಂಗಾರ ನೀರು ಯಾರಿಗೆ ಕೊಟ್ರಿ? ಹೆಸರು ಯಾರದು ಹೇಳಿದ್ರಿ?”

ಅಂಬ್ರಪ್ಪ ಹೆಗಲ ಮೇಲಿನ ಟವೆಲು ಕೊಡವಿ ತಿರುಗಿದ. ಹೋಗುವಾಗ ಗೊಣಗಿದ, “ಅದು ಕಲ್ಲೇ ಹೌದೋ ಅಲ್ಲೋ ಯಾರಿಗ್ಗೊತ್ತು. ಯಾವುದೋ ಫ್ಯಾಕ್ಟರಿ ಮಾಲು. ಕಲ್ಲು ಅಲ್ಲಂದ್ರ ಮಾಡಿದ್ದೆಲ್ಲ ಸುಳ್ಳು, ಬ್ಯಾರೆ ಕಲ್ಲಿಟ್ಟು ಹೊಸದಾಗಿ ಮಾಡೂಣು.”

ಆ ಮಾತು ಬಾಲಮ್ಮನಿಗೆ ನಾಟಿತು. ಕಲ್ಲಲ್ಲದಿದ್ದರೆ ಇಷ್ಟು ದಿನ ಅವಳು ಮಾತಾಡಿದ್ದು ಯಾರ ಜೊತೆ? ಕಲ್ಲಾಗಿದ್ದರೆ ಅವನು ಯಾಕೆ ಹೋಗುತ್ತಿಲ್ಲ?

ನಾನು ಹೈಸ್ಕೂಲಿನ ಗೇಟಿನ ಹತ್ತಿರ ಪುಠಾಣಿ, ಜೋಳದ ಅಳ್ಳು ಮಾರುತ್ತೇನೆ. ಶಾಲೆ ತೆರೆದ ಹೊಸತರಲ್ಲಿ ಮಕ್ಕಳನ್ನು ದೂರದೂರ ಕೂರಿಸಬೇಕೆಂದು ಬೇವಿನ ಮರದ ಕೆಳಗೇ ಪಾಠ ಮಾಡುತ್ತಿದ್ದರು. ಶಹಾಪುರದಿಂದ ಬಸ್ಸಿಗೆ ಬರುವ ಯಶೋಧರಾ ಟೀಚರ್ ಒಂದು ದಿನ ಕಲ್ಲಿನ ಪಾಠ ಮಾಡಿದರು. ನನಗೆ ಓದಲು ಬರುವುದು ಅಷ್ಟಕ್ಕಷ್ಟೇ, ಕೇಳಲು ಮಾತ್ರ ಬೇಸರವಿಲ್ಲ. ಕಲ್ಲಿನಲ್ಲಿ ಮೂರು ಬಗೆ ಎಂದರು. ಶಹಾಪುರದ ಗುಡ್ಡದ ಚೂರೊಂದನ್ನು ಎತ್ತಿ ತೋರಿಸಿದರು. ಭೂಮಿಯ ಒಳಗೆ ಕುದಿಯುತ್ತಿದ್ದ ರಸ ಆರಿ ಗಟ್ಟಿಯಾದದ್ದು, ಅಗ್ನಿಶಿಲೆ. ನಾವು ಮನೆಗೆ ಹಾಸುವ ಫರಸಿ ತೋರಿಸಿದರು. ಹಿಂದೊಮ್ಮೆ ನೀರಿನ ತಳದಲ್ಲಿ ಕೆಸರು ಪದರ ಪದರವಾಗಿ ಕುಳಿತು ಆದದ್ದು, ಜಲಜಶಿಲೆ. ಹೊಳೆಯಾಚೆ ಹಟ್ಟಿ ಕಡೆಯ ಹಾಳೆಹಾಳೆಯಾಗಿ ಏಳುವ ಕಲ್ಲು ತೋರಿಸಿದರು. ಮೊದಲು ಬೇರೆ ಏನೋ ಆಗಿದ್ದು, ಬಿಸಿಗೂ ಭಾರಕ್ಕೂ ಸಿಕ್ಕಿ ರೂಪ ಬದಲಾದದ್ದು, ರೂಪಾಂತರ ಶಿಲೆ.

ಸಂಜೆ ಬಾಲಮ್ಮನಿಗೆ ಇದನ್ನೆಲ್ಲ ಹೇಳಿದೆ. ಮಾರನೆಯ ದಿನ ಶಾಲೆ ಬಿಡುವ ಹೊತ್ತಿಗೆ ಅವಳು ಸೆರಗಿನ ಗಂಟಿನೊಂದಿಗೆ ಗೇಟಿಗೆ ಬಂದಳು. ಟೀಚರ್ ಬಸ್ಸಿಗೆ ಕಾಯುತ್ತಾ ನನ್ನ ಬುಟ್ಟಿಯ ಹತ್ತಿರ ನಿಂತಿದ್ದರು.

“ಟೀಚರ್‌ ಬಾಯಾರ, ಇದು ಕಲ್ಲು ಹೌದೋ ಅಲ್ಲೋ ಹೇಳ್ರಿ,” ಎಂದು ಬಾಲಮ್ಮ ಗಂಟು ಬಿಚ್ಚಿದಳು.

ಯಶೋಧರಾ ಅದನ್ನು ಹೊರಳಿಸಿ ನೋಡಿದರು. ಊರಿನ ಸುದ್ದಿ ಅವರ ಕಿವಿಗೂ ಬಿದ್ದಿತ್ತು, ಹಾಗಾಗಿ ನಗಲಿಲ್ಲ.

“ಹೌದ್ರಿ, ಕಲ್ಲೇ. ಪ್ಯೂಮಿಸ್ ಅಂತಾರ, ನೊರೆಗಲ್ಲು. ಅಗ್ನಿಶಿಲೆ ಇದು.”

“ಗುಡ್ಡದ ಬಂಡಿನೂ ಅದೇ ಅಂದ್ರಂತ.”

“ಗುಡ್ಡಕ್ಕೂ ಇದಕ್ಕೂ ಬಳಗ ಅದ. ಬಹಳಷ್ಟು ಸಲ ಒಳಗಿನ ಸರಕು ಒಂದೇ ಇರ್ತದ.”

“ಅದು ಹಂಗ ಭಾರ, ಇದು ಹಿಂಗ ಹಗೂರ. ಒಂದೇ ಹೆಂಗಾದೀತ್ರಿ?”

ಟೀಚರ್ ಸುತ್ತ ನೋಡಿ, ನನ್ನ ಬುಟ್ಟಿಗೆ ಕೈಹಾಕಿ ಒಂದು ಹಿಡಿ ಅಳ್ಳು ತೆಗೆದರು. “ಭೀಮವ್ವಾಯಿ, ಇದು ಏನರಿ?”

“ಅಳ್ಳು. ಏನ್ ಬಾಯಾರ, ದಿನಾ ತಿಂತೀರಿ.”

“ಹುರಿಯೋಕಿಂತ ಮೊದಲ ಏನಿತ್ತು?”

“ಜೋಳ.”

“ಎರಡೂ ಜೋಳೇ. ಕಾಳಿನೊಳಗ ಜರಾ ಪಸಿ ಇತ್ತು. ಬಿಸಿ ಹತ್ತಿದ ಕೂಡ್ಲೇ ಅದು ಉಗಿಯಾಗಿ ಉಬ್ಬಿ, ಕಾಳು ಒಡದು ಅಳ್ಳಾತು. ಇದೂ ಹಂಗೇ ಅನ್ರಿ. ಗುಡ್ಡದ ಬಂಡಿ ಭೂಮಿ ಒಳಗೇ ಕುಂತು, ಲಕ್ಷಗಟ್ಟಲೆ ವರ್ಷ ನಿಧಾನಕ್ಕ ಆರ್ತು. ಅದಕ್ಕ ಅದರಾಗ ಹೊಳೆಯೋ ಕಾಳು ಕಾಣತಾವ. ಇದರದು ಹಂಗಲ್ಲ. ಕುದಿಯೋ ರಸದಾಗ ಗಾಳಿ, ಉಗಿ ತುಂಬಿತ್ತು. ಜ್ವಾಲಾಮುಖಿ ಬಾಯಿ ತೆರೀತು, ಇದು ನೊರಿಯಾಗಿ ಮ್ಯಾಲ ಹಾರ್ತು. ಹಾರಿದ ಹಾರಿಕಿಗೇ ತಣ್ಣಗಾತು. ಕಾಳು ಕಟ್ಟಾಕ ಪುರಸತ್ತು ಸಿಗಲಿಲ್ಲ. ಅದಕ್ಕ ಒಳಗೆಲ್ಲ ಬರೀ ಗಾಜು, ಬರೀ ತೂತು. ಉಸಿರು ಹಂಗೇ ಸಿಕ್ಕಿ ಹಾಕ್ಕೊಂಡು ಕುಂತದ.”

ಬಾಲಮ್ಮ ಅವರ ಕೈಯಲ್ಲಿದ್ದ ಕಲ್ಲಿನ ತೂತುಗಳ ಮೇಲೆ ಬೆರಳಾಡಿಸಿದಳು. ಆಮೇಲೆ, “ಉಸಿರು ಒಳಗೈತಿ ಅಂತೀರಿ,” ಎಂದಳು.

“ಹೂಂ. ಅದಕ್ಕೇ ತೇಲ್ತದ.”

“ಯಾವತ್ತೂ ಮುಳಗಂಗಿಲ್ಲೇನು?”

“ಮುಳಗ್ತದ. ನೀರಾಗೇ ಇಟ್ರ ಒಂದೊಂದೇ ತೂತಿಗೆ ನೀರು ಇಳೀತದ. ತಿಂಗಳಾಗಬಹುದು, ವರ್ಷಾಗಬಹುದು. ಸಮುದ್ರದಾಗ ಊರೂರು ದಾಟಿ ತೇಲಿದ್ದವು ಅದಾವ. ಜಲ್ದಿ ಬೇಕಂದ್ರ ಇನ್ನೊಂದು ಹಾದಿ ಅದ. ಕೆಂಡದಾಗ ಚಲೋ ಕಾಸಿ ನೀರಿಗೆ ಹಾಕ್ರಿ, ಗಾಳಿ ಹೊರಬಿದ್ದು ಅಲ್ಲೇ ನೀರು ಕುಡದು ತಳಕ್ಕ ಹೋಗ್ತದ.”

ಬಾಲಮ್ಮ ಕಲ್ಲನ್ನು ಅವರ ಕೈಯಿಂದ ಹಿಂದಕ್ಕೆ ತೆಗೆದುಕೊಂಡಳು.

“ಒಮ್ಮೆ ಬೆಂಕಿ ಕಂಡಾನ್ರಿ. ಸಾಕು.”

ಅವಳ ಹಿತ್ತಾಳೆ ಕೊಳಗ ಮದುವೆಯಲ್ಲಿ ತವರಿನಿಂದ ಬಂದದ್ದು. ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ನೀರು ತುಂಬಿ, ಕಲ್ಲನ್ನು ಅದರೊಳಗೆ ಬಿಟ್ಟಳು. ಕೂಲಿಗೆ ಕರೆಯುವವರಿಲ್ಲದ್ದರಿಂದ ಮೇಕೆ ಎರಡು ಕಟ್ಟಿಕೊಂಡಿದ್ದಳು. ಬೆಳಗ್ಗೆ ಅವನ್ನು ಕೆರೆಯ ಏರಿಗೆ ಹೊಡೆಯುವ ಮೊದಲು ಕೊಳಗ ನೋಡುತ್ತಿದ್ದಳು, ಬಂದ ಮೇಲೂ ನೋಡುತ್ತಿದ್ದಳು. ಹತ್ತಿ ಬಿಡಿಸುವ ಕಾಲ ಬಂತು, ಹೋಯಿತು. ಕೆರೆಗೆ ಪರದೇಶದ ಹಕ್ಕಿಗಳು ಬಂದವು, ಅವನ್ನು ನೋಡಲು ಯಾದಗಿರಿಯಿಂದ ಕಾರುಗಳು ಬಂದವು. ಬಾಲಮ್ಮ ಏರಿಯ ಮೇಲೆ ಒಬ್ಬಳೇ ಕೂತಿರುತ್ತಿದ್ದಳು. ಫೋಟೋ ತೆಗೆಯುವವರು ಸ್ವಲ್ಪ ಸರಿಯಿರಿ ಎಂದರೆ ಸರಿಯುತ್ತಿದ್ದಳು.

ಒಂದು ದಿನ ನನ್ನನ್ನು ಗೋಡೆಯ ಮೇಲಿಂದಲೇ ಕರೆದಳು. “ಯಕ್ಕಾ, ಬಾ ಇಲ್ಲೆ. ಜಲ್ದಿ ಬಾ.”

ಹೋಗಿ ಕೊಳಗಕ್ಕೆ ಬಗ್ಗಿದೆ. ಮೊದಲು ಅರ್ಧಮೈ ಹೊರಗಿಟ್ಟು ತೇಲುತ್ತಿದ್ದ ಕಲ್ಲು ಈಗ ನೆತ್ತಿಯಷ್ಟೇ ಮೇಲಿಟ್ಟುಕೊಂಡಿತ್ತು. ಬದಿಯಿಂದ ಸಾಸಿವೆಯಷ್ಟು ಗುಳ್ಳೆಯೊಂದು ಬಿಡಿಸಿಕೊಂಡು ಮೇಲೆ ಬಂದು ಒಡೆಯಿತು. ನಾವು ಉಸಿರು ಬಿಗಿಹಿಡಿದೆವು. ಇನ್ನೊಂದು ಬಂತು.

“ಉಸಿರಾಡಾಕತ್ತಾನ,” ಎಂದಳು.

ನನಗೆ ಟೀಚರ್ ಹೇಳಿದ್ದು ಗೊತ್ತು, ಅವಳಿಗೂ ಗೊತ್ತಿತ್ತು. ಆದರೂ ಹೌದೆಂದೆ.

ಎರಡು ದಿನ ಬಿಟ್ಟು ಅಳ್ಳು ಹುರಿಯಲು ಬೆಳಗಿನ ಹೊತ್ತು ಹಿತ್ತಿಲಿಗೆ ಹೋದರೆ, ನಮ್ಮಿಬ್ಬರ ನಡುವಿನ ಗೋಡೆಯ ಮೇಲೆ, ಆಗಲೇ ಏರಿದ ಬಿಸಿಲಿನಲ್ಲಿ, ಆ ಕಲ್ಲು ಒಣಗುತ್ತಿತ್ತು. ಪಕ್ಕದಲ್ಲೇ ಬಾಲಮ್ಮ ನಿಂತು ಅದನ್ನು ಹೊರಳಿಸುತ್ತಿದ್ದಳು, ಹಪ್ಪಳ ಹೊರಳಿಸುವವರ ಹಾಗೆ.

“ಇದೇನಬೇ! ಇನ್ನೇನು ಮುಳಗತಿತ್ತಲ್ಲ?”

“ನಿನ್ನೆ ಪೂರಾ ಒಳಗ ಹೋಗಿತ್ತು ಯಕ್ಕಾ. ತಳ ಮುಟ್ಟಿದ್ದಿಲ್ಲ, ನಡುವ ನಿಂತಿತ್ತು. ಕೈ ಹಾಕಿ ಎತ್ತಿಬಿಟ್ಟೆ.”

“ಸೂತಕ ಬಿಡತಿತ್ತು. ಜನ ಕರೀತಿದ್ರು.”

“ಜನ ಕರದ್ರ ಕೂಲಿ ಸಿಗತೈತಿ. ಇವನಂಗ ‘ಬಾಲಿ’ ಅಂತ ಕರೀತಾರೇನು?” ಎಂದು ಕಲ್ಲನ್ನು ಮತ್ತೊಂದು ಮಗ್ಗುಲಿಗೆ ಹೊರಳಿಸಿದಳು. “ಇನ್ನೊಂದಿಷ್ಟು ದಿನ ಇರ್ಲಿ.”

ನಾನು ಅಂಬ್ರಪ್ಪನಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಕಲ್ಲು ಬೇಸಿಗೆಯೆಲ್ಲ ಒಣಗಿ ಮೊದಲಿನಂತೆ ಹಗುರವಾಯಿತು. ಗೋಡೆಯಾಚೆ ಮತ್ತೆ ಮಾತು ಶುರುವಾಯಿತು. ಆದರೆ ಆ ಮಾತು ಮೊದಲಿನ ಹಾಗಿರಲಿಲ್ಲ. ನಡುನಡುವೆ ನಿಲ್ಲುತ್ತಿತ್ತು. ಒಂದು ಸಂಜೆ ತಾನಾಗಿಯೇ ನನ್ನ ಕಟ್ಟೆಗೆ ಬಂದು ಕುಳಿತಳು. ಫೋನಿನಲ್ಲಿ ಮಾತಾಡಿದಾಗ ಕುಳಿತ ಜಾಗದಲ್ಲೇ.

“ಯಕ್ಕಾ, ಅವತ್ತು ಅಂವ ಏನಂದ, ನೀನೂ ಕೇಳೀದಿ ಹೌದಿಲ್ಲೋ?”

“ಕೇಳೇನಿ.”

“ಉಸಿರು ಹಿಡದು ಸಾಕಾಗೇತಿ ಅಂದ. ನಾ ಏನು ಮಾಡಾಕತ್ತೇನಿ ನೋಡು. ಒಣಗಿಸಿ ಒಣಗಿಸಿ ಮತ್ತ ಉಸಿರು ತುಂಬಾಕತ್ತೇನಿ.” ಸ್ವಲ್ಪ ಹೊತ್ತು ಬೀದಿ ನೋಡಿದಳು. “ನನಗ ಬೇಕಂತ ಅವನ್ನ ಹಿಡದಿಟ್ಟೇನಿ. ಪಾಪ.”

ಅವಳು ಎದ್ದು ಹೋದಳು. ಕೊಳಗಕ್ಕೆ ನೀರು ಸುರಿಯುವ ಸದ್ದು ಕೇಳಿತು.

ಈ ಸಲ ಅವಳು ಅದನ್ನು ದಿನಾ ಬಗ್ಗಿ ನೋಡುತ್ತಿರಲಿಲ್ಲ. ಮಳೆ ಬಂತು, ಹೋಯಿತು. ಮತ್ತೆ ಕೆರೆಗೆ ಹಕ್ಕಿ ಬಂದವು, ಹೋದವು. ಹೊಸ ಮುಂಗಾರಿನ ಮೊದಲ ಮೋಡ ಕಟ್ಟಿದ ಬೆಳಗ್ಗೆ ಗೋಡೆಯಾಚೆಯಿಂದ ಕರೆ ಬರಲಿಲ್ಲ. ಬಾಲಮ್ಮನೇ ಕೊಳಗ ಹೊತ್ತು ನನ್ನ ಬಾಗಿಲಿಗೆ ಬಂದಳು. ಒಳಗೆ ನೋಡಿದೆ. ಕಲ್ಲು ತಳದಲ್ಲಿ ಕುಳಿತಿತ್ತು, ಬೇರೆ ಯಾವ ಕಲ್ಲಾದರೂ ಕೂರುವ ಹಾಗೆ.

“ಭಾವಗ ಹೇಳಿ ಕಳಿಸೀನಿ. ನೀ ಬಾ,” ಎಂದಳು.

ಅಂಬ್ರಪ್ಪ ಕೆರೆಯ ದಂಡೆಗೆ ಬಂದ. ನೀರಿಗಿಳಿಯಲು ಹೊರಟವನನ್ನು ಬಾಲಮ್ಮ ತಡೆದು ತಾನೇ ಇಳಿದಳು. ಕೊಳಗವನ್ನೇ ಕೆರೆಯಲ್ಲಿ ಮುಳುಗಿಸಿ, ಕಲ್ಲನ್ನು ಅದರೊಳಗಿಂದ ನೀರಿನೊಳಕ್ಕೇ ತೆಗೆದಳು, ಗಾಳಿ ಸೋಕದ ಹಾಗೆ. ಅವನ ಹೆಸರು ಹೇಳಿದಳು. ಕೈ ಬಿಚ್ಚಿದಳು. ಅದು ಅವಳ ಬೆರಳುಗಳ ನಡುವಿನಿಂದ ನಿಧಾನವಾಗಿ, ಅವಸರವಿಲ್ಲದೆ, ಕೆಳಗೆ ಹೋಯಿತು. ಅಂಬ್ರಪ್ಪ ದಂಡೆಯಲ್ಲಿ ಬಹಳ ಹೊತ್ತು ನಿಂತು ನೀರನ್ನೇ ನೋಡಿದ. ಗಾಳಿ ಬೀಸಿತು. ಏನೂ ಬರಲಿಲ್ಲ.

“ಹೋದ,” ಎಂದು ಮುಖ ಒರೆಸಿಕೊಂಡ. “ಈ ಸಲ ಬಿತ್ತಿಗಿಗೆ ಬಾರವಾ. ಮೊದಲ ಸಾಲು ನೀನೇ ಹಾಕು.”

ಬಾಲಮ್ಮ ತಲೆಯಾಡಿಸಿದಳು.

ಮನೆಗೆ ಬಂದು ಅಂಬ್ರಪ್ಪ ಹೊಸ್ತಿಲು ದಾಟಿ ಒಳಗೆ ಕುಳಿತು, ಜೋರಾಗಿಯೇ, ಓಣಿಗೆ ಕೇಳುವ ಹಾಗೆ, “ನೀರು ಕೊಡವಾ,” ಎಂದ. ಬಾಗಿಲಿಗೆ ಬಂದು ನಿಂತ ಹೆಂಗಸರೂ ಒಬ್ಬೊಬ್ಬರಾಗಿ ಒಳಗೆ ಬಂದರು. ಇಮಾಮಬೀ, “ನಾ ಮೊದಲಿಂದ ಕುಡದೇನಿ, ನನಗೇನು ಹೊಸಾದಲ್ಲ,” ಎಂದು ಎಲ್ಲರನ್ನೂ ಒತ್ತರಿಸಿ ಕುಳಿತಳು. ಬಾಲಮ್ಮ ಕೊಳಗ ತೊಳೆದು, ನಳದ ನೀರು ತುಂಬಿ ತಂದು, ಚೊಂಬಿನಲ್ಲಿ ಎಲ್ಲರಿಗೂ ಕೊಟ್ಟಳು. ಎಲ್ಲರೂ ಕುಡಿದರು. ಮಾತು, ನಗು, ಬಿತ್ತಿಗೆಯ ಸುದ್ದಿ.

ಜನ ಎದ್ದು ಹೋದ ಮೇಲೂ ಅವಳು ಕೊಳಗದ ಮುಂದೆ ಬಗ್ಗಿ ನಿಂತೇ ಇದ್ದಳು.

“ಏನ್ ನೋಡಾಕತ್ತೀದಿ?” ಎಂದು ಕೇಳಿದೆ.

“ಏನಿಲ್ಲ ಯಕ್ಕಾ,” ಎಂದಳು. “ತಳ ಕಾಣಾಕತ್ತೈತಿ.”